ರಾಣಿಯ ಮುಖದ ಮೇಲಿನ ಮೀಸೆ

"ಕೇಳ್ರಪ್ಪೋ ಕೇಳ್ರಿ! ಸುಣ್ಣದಕೋಟೆಯ ಗಂಡಭೈರವರಾಯರ ಅಪ್ಪಣೆ! ಅರಮನೆಯ ಪ್ಲಾಸ್ಮಾ ಪರದೆಯ ಮೇಲೆ ತೀರಿಹೋದ ರಾಣಿಯವರ ಚಿತ್ರ ಕೆಟ್ಟು ಕೂತಿದೆ! ರಾಜಕುಮಾರಿಯವರು ಮೂರು ಒಗಟು ಹಾಕುತ್ತಾರೆ! ಬಿಡಿಸಿ ಚಿತ್ರ ತಿಳಿ ಮಾಡಿದವನಿಗೆ ಅರ್ಧ ರಾಜ್ಯ! ಸೋತವನ ತಲೆ ಅಮಾವಾಸ್ಯೆಗೆ ಕತ್ತಿಗೆ!"

ಆ ದಿನವೂ ಡಂಗುರ ಕೇಳಿದ ಹೊನ್ನೂರನಿಗೆ ಅರ್ಧ ರಾಜ್ಯ ಕಿವಿಗೇ ಬೀಳಲಿಲ್ಲ, ಕತ್ತಿ ಮಾತ್ರ ಬಿತ್ತು. ತೊಗಲುಬೊಂಬೆ ಆಡಿಸಿ ಹೊಟ್ಟೆ ಹೊರೆಯುವ ಅಣ್ಣತಮ್ಮಂದಿರು ಅವರು. ಆಸೆಬುರುಕ ಅಣ್ಣ ಮಾಳ ಹಿಂದಿನ ದಿನವಷ್ಟೇ ಹೋಗಿ, ಮೂರನೆಯ ಒಗಟಿನಲ್ಲಿ ಮುಗ್ಗರಿಸಿ ಸೆರೆಮನೆ ಸೇರಿದ್ದ. ಅಣ್ಣ ಎಂಥವನಾದರೂ ಅಣ್ಣನೇ. ಹೊನ್ನೂರ ಬೊಂಬೆ ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿಟ್ಟು ಅರಮನೆಗೆ ನಡೆದ.

ಚಿತ್ರಶಾಲೆಯ ಗೋಡೆಗೆ ಬಾಗಿಲಗಲದ ಪರದೆ. ಒಬ್ಬ ಸೋತರೆ ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಿಡುತ್ತಿದ್ದರು. ರಾಣಿ ಉಯ್ಯಾಲೆಯಲ್ಲಿ ಕೂತು ನಗುವ ಚಿತ್ರ ಓಡುತ್ತಿತ್ತು. ಮುಖ ಮಂಕು, ಮೈಬಣ್ಣ ಅರಿಶಿನ ಮೆತ್ತಿದಂತೆ ಗಾಢ ಹಳದಿ. ಎಲ್ಲಕ್ಕಿಂತ ಹೆಚ್ಚಾಗಿ, ರಾಣಿಯ ಮೂಗಿನ ಕೆಳಗೆ ದಪ್ಪನೆಯ ಹುರಿಮೀಸೆ! ಹೊನ್ನೂರ ಸಿಂಹಾಸನದತ್ತ ನೋಡಿದ. ಅದೇ ಮೀಸೆ ಅಲ್ಲಿ ರಾಜನ ಮುಖದಲ್ಲೂ ಇತ್ತು. ತಟ್ಟನೆ ನೆಲ ನೋಡಿದ.

ಅವನಿಗಿಂತ ಮುಂದೆ ದಳವಾಯಿಯ ಮಗ ನಿಂತಿದ್ದ. ರಾಜಕುಮಾರಿ ಕನಕಾಂಬೆ ಕೇಳಿದಳು: "ನೂರು ದೀಪ ಹಚ್ಚಿದರೂ ಅಮ್ಮನ ಮುಖ ಬೆಳಗುವುದಿಲ್ಲ. ಏನು ತಂದು ತುಂಬಿದರೆ ಬೆಳಗುತ್ತದೆ?"

"ಇನ್ನೂ ನೂರು ದೀಪ!" ಎಂದ ದಳವಾಯಿಯ ಮಗ. ಭಟರು ಅವನನ್ನು ಎಳೆದೊಯ್ದರು. ಹಿಂದೆ ಬಂದ ಜೋಯಿಸರು "ವಜ್ರದ ಕನ್ನಡಿ" ಎಂದರು. ಅವರೂ ಅದೇ ದಾರಿ ಹಿಡಿದರು.

"ಕತ್ತಲಿ ತುಂಬ್ರಿ," ಎಂದ ಹೊನ್ನೂರ. "ನಮ್ಮ ಆಟದಾಗ ಪರದೆ ಮುಂದ ಒಂದು ದೀಪ ಇದ್ರೂ ಬೊಂಬಿ ಸಾಯ್ತಾವ. ಬೆಳಕು ಪರದೆ ಒಳಗಿಂದ ಬರಬೇಕು, ಹೊರಗಿಂದಲ್ಲ."

ದೀಪ ಆರಿಸಿ ಕಿಟಕಿ ಮುಚ್ಚಿದರು. ಉಯ್ಯಾಲೆಯ ಸರಪಳಿ ಕೂಡ ಎದ್ದು ಕಂಡಿತು. ಸಭೆ ಉಸಿರು ಬಿಟ್ಟಿತು.

"ಒಂದೊಂದು ಗೂಡಿನಲ್ಲಿ ಮೂವರು ಅಕ್ಕತಂಗಿಯರು," ಎಂದಳು ಕನಕಾಂಬೆ. "ಮೂವರೂ ಮಲಗಿದರೆ ಕಪ್ಪು, ಮೂವರೂ ಎದ್ದರೆ ಬಿಳುಪು. ಈಗ ಮೂವರೂ ಸೊರಗುತ್ತಿದ್ದಾರೆ. ಯಾರವರು? ಏಕೆ ಸೊರಗಿದರು?"

ಹೊನ್ನೂರ ಹತ್ತಿರದಿಂದ ನೋಡೋಣವೆಂದು ಪರದೆಗೆ ಮೂಗು ತಾಗಿಸುವಷ್ಟು ಹೋದ. ಅಲ್ಲಿನ ಧೂಳಿಗೆ ಸೀನು ಬಂದೇಬಿಟ್ಟಿತು! ಸಭೆಯೆಲ್ಲ "ಛೀ" ಎಂದಿತು. ಕೈಯಿಂದ ಒರೆಸಹೊರಟವನು ಹಾಗೇ ನಿಂತ. ಪರದೆಗೆ ಸಿಡಿದ ಒಂದೊಂದು ಹನಿಯೊಳಗೂ ದೊಡ್ಡದಾಗಿ ಕೆಂಪು, ಹಸಿರು, ನೀಲಿ ಚುಕ್ಕೆಗಳು ಸಾಲಾಗಿ ಕೂತಿದ್ದವು.

"ಸಿಕ್ಕರು ನೋಡ್ರಿ! ಕೆಂಪವ್ವ, ಹಸಿರವ್ವ, ನೀಲವ್ವ. ಇವರನ್ನ ಹಗಲೂ ರಾತ್ರಿ ಮೈಮುರಿಯೋ ಹಂಗ ದುಡಿಸೀರಿ. ಅಂಗಡ್ಯಾಗ ಗಿರಾಕಿ ಕಣ್ಣು ಕುಕ್ಕಾಕ ಇಟ್ಟ ಝಗಮಗ, ಮನ್ಯಾಗೂ ಅಷ್ಟೇ ಐತಿ. ಬಣ್ಣ ತಗ್ಗಿಸ್ರಿ, ಹೊಳಪು ತಗ್ಗಿಸ್ರಿ."

ಪರದೆಯ ಕೀಲಿ ನೋಡಿಕೊಳ್ಳುವವನು ಹೊಳಪನ್ನೂ ಬಣ್ಣವನ್ನೂ ಇಳಿಸಿದ. ಅರಿಶಿನದ ಹಳದಿ ಹೋಗಿ ರಾಣಿಯ ಕೆನ್ನೆ ಕೆನ್ನೆಯಂತಾಯಿತು. ಮೀಸೆ ಮಾತ್ರ ಇನ್ನಷ್ಟು ಸ್ಪಷ್ಟವಾಯಿತು.

ಕನಕಾಂಬೆಯ ದನಿ ಸಣ್ಣಗಾಯಿತು. "ಎದ್ದು ಹೋದರೂ ಕೂತ ಜಾಗ ಬಿಡದ ಅತಿಥಿ ಯಾರು? ಅವನನ್ನು ಕಳಿಸುವುದು ಹೇಗೆ?"

ಸಭೆಯಲ್ಲಿ ಈ ಉತ್ತರ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಪರದೆ ಬರಿದಾಗಿದ್ದರೆ ರಾಜ್ಯಕ್ಕೆ ಕೇಡು ಎಂಬುದು ಸುಣ್ಣದಕೋಟೆಯ ನಂಬಿಕೆ. ಅದಕ್ಕೇ ಬೇರೆ ಚಿತ್ರ ಓಡದಾಗಲೆಲ್ಲ ರಾಜನ ಮುಖದ ಪಟ ವರ್ಷಗಟ್ಟಲೆ ಅಲ್ಲಾಡದೆ ಅಲ್ಲೇ ನಿಂತಿರುತ್ತಿತ್ತು. ಮಗಳು ಒಮ್ಮೆ ಹೇಳಹೋದಾಗ ಅಪ್ಪ ಬಹುಕಾಲ ಅವಳೊಡನೆ ಮಾತು ಬಿಟ್ಟಿದ್ದ. ಅವಳು ಒಗಟು ಕಟ್ಟಿದ್ದೇ ಅದನ್ನು ಬೇರೆಯವರ ಬಾಯಲ್ಲಿ ಹೇಳಿಸಲಿಕ್ಕೆ. ಮಾಳನಿಗೂ ಗೊತ್ತಿತ್ತು, ಆದರೆ ಬಾಯಿ ಒಣಗಿ "ದೆವ್ವ" ಎಂದುಬಿಟ್ಟಿದ್ದ.

ಹೊನ್ನೂರನಿಗೂ ಕತ್ತಿ ನೆನಪಾಯಿತು. ಹೆದರಿಕೆ ಎಂದರೆ ಹೆದರಿಕೆ, ಅದರಲ್ಲಿ ಮುಚ್ಚುಮರೆ ಏನು?

"ತಾವ, ಮಾರಾಜ್ರ," ಎಂದ. "ಅದು ತಮ್ಮ ಮೀಸಿ."

ರಾಜನ ಕತ್ತಿ ಒರೆಯಿಂದ ಅರ್ಧ ಬಂತು.

"ಪಟ ಒಂದೇ ಕಡೆ ನಿಂತು ಆ ಚುಕ್ಕಿಗಳನ್ನ ಸವೆಸೈತಿ. ಬ್ಯಾರೆ ಚಿತ್ರ ಬಂದ್ರೂ ಗುರುತು ಹೋಗವಲ್ದು. ಅದನ್ನ ತೆಗೀರಿ. ಓಡೋ ಕುದುರಿ, ಹಾರೋ ಹಕ್ಕಿ ಹಾಕ್ರಿ. ನಡುನಡುವ ಬರೇ ಬಿಳುಪು ಓಡಸ್ರಿ. ಉಳಿದ ಹೊತ್ತು ಪರದೆ ಮಲಗಲಿ."

"ನನ್ನ ಪಟ ತೆಗೆಯುವುದೆ? ರಾಜ್ಯಕ್ಕೆ ಕೇಡಾದರೆ?"

"ನಮ್ಮ ಆಟದಾಗ ರಾಮದೇವರೂ ಕೆಲಸ ಮುಗಿದ ಮ್ಯಾಲ ಪೆಟಿಗ್ಯಾಗ ಮಲಗ್ತಾನ್ರಿ. ಅವನು ಸರಿಯದಿದ್ರ ಸೀತಮ್ಮ ನಿಲ್ಲೋದೆಲ್ಲಿ?"

ರಾಜ ಪರದೆಯತ್ತ ತಿರುಗಿ ರಾಣಿಯ ಮುಖ ನೋಡಿದ. ಆಮೇಲೆ ಕತ್ತಿ ಒಳಗೆ ತಳ್ಳಿದ. "ಇವನಿಗೂ ಸರಪಳಿ ಹಾಕಿ. ಚಿತ್ರ ತಿಳಿಯಾಗದಿದ್ದರೆ ಅಣ್ಣತಮ್ಮ ಇಬ್ಬರ ತಲೆಯೂ ಬೀಳಲಿ."

ಪರದೆಯಲ್ಲಿ ಕುದುರೆ ಓಡಿದವು, ಹಕ್ಕಿ ಹಾರಿದವು. ಅಮಾವಾಸ್ಯೆ ಬಂತು, ಹೋಯಿತು. ರಾಜ ಕತ್ತಿಯ ಮಾತೆತ್ತಲಿಲ್ಲ. ಸೆರೆಮನೆಯಲ್ಲಿ ಮಾಳ ಬೈದದ್ದೇ ಬೈದದ್ದು: "ನಾ ಒಬ್ಬ ಸಾಯ್ತಿದ್ದೆ, ನೀ ಯಾಕ ಬಂದ್ಯೋ ಮೂಳ!" ಬೈಯುತ್ತಲೇ ಅಳುತ್ತಿದ್ದ.

ಮೀಸೆ ಮೊದಲು ತುದಿಯಲ್ಲಿ ತೆಳುವಾಯಿತು. ಆಮೇಲೆ ಹೊಗೆಯಾಯಿತು. ಒಂದು ಸಂಜೆ ಎಲ್ಲರನ್ನೂ ಕರೆಸಿ ರಾಣಿಯ ಚಿತ್ರ ಹಾಕಿಸಿದರು. ಸರಪಳಿಯಲ್ಲಿದ್ದ ಹೊನ್ನೂರ ಕಣ್ಣು ಬಿಡಲೇ ಇಲ್ಲ. ಕೊನೆಗೆ ರಾಜನ ದನಿ ಕೇಳಿತು.

"ಮೇಲ್ದುಟಿಯ ಮೇಲೆ ಒಂದು ಮಚ್ಚೆ ಇತ್ತು ಇವಳಿಗೆ. ಅದು ನನಗೇ ಮರೆತುಹೋಗಿತ್ತಲ್ಲ."

ಗಂಡಭೈರವರಾಯ ತುಂಬಿದ ಸಭೆಯಲ್ಲಿ ಮಗುವಿನಂತೆ ಅತ್ತ.

ಸರಪಳಿ ಬಿಚ್ಚಿದರು. ಮಾಳ, ಜೋಯಿಸರು, ದಳವಾಯಿಯ ಮಗ, ಎಲ್ಲರ ತಲೆಯೂ ಅವರವರ ಹೆಗಲ ಮೇಲೇ ಉಳಿಯಿತು. ಅರ್ಧ ರಾಜ್ಯ ಬೇಡವೆನ್ನುವಷ್ಟು ಹುಚ್ಚು ಹೊನ್ನೂರನಿಗೆ ಇರಲಿಲ್ಲ, ಕೈಮುಗಿದು ತೆಗೆದುಕೊಂಡ.

"ಅಪ್ಪ, ನಿನ್ನೆದುರು ನಿಜ ಹೇಳಿದ ಇವನನ್ನೇ ನಾನು ಮದುವೆಯಾಗುತ್ತೇನೆ," ಎಂದಳು ಕನಕಾಂಬೆ.

ರಾಜ ಪರದೆಯಿಂದ ಕಣ್ಣು ಕೀಳದೆ ತಲೆಯಾಡಿಸಿದ. "ಆಗಲಿ ಮಗಳೇ, ಆಗಲಿ. ಈಗ ಅಮ್ಮನ ಚಿತ್ರ ಇನ್ನೊಂದು ಸಲ ಹಾಕಿಸು."