ಮಗ್ಗದ ಗುಂಡಿಗೆ ಬಿದ್ದ ರಾಜಕುವರ

“ಹೊನ್ನಗುಡಿಯ ರಾಣಿ ಗಂಗಾಂಬಿಕೆಯ ಅಪ್ಪಣೆ! ಏಳು ತಲೆಮಾರಿನಿಂದ ನಮ್ಮ ಮನೆತನ ಈ ಊರಿಗೆ ಸೂರು ಕೊಟ್ಟಿದೆ. ನಮ್ಮ ಮನೆಗಳಲ್ಲಿ ಬಾಡಿಗೆಗಿದ್ದವರು ಯಾರೂ ಕಣ್ಣೀರಿಟ್ಟು ಹೊರಟವರಲ್ಲ. ಅಂಥ ಮನೆತನದ ಕುಡಿ, ನಮ್ಮ ತಮ್ಮ ಬಸವಂತ, ನೇಕಾರ ಸಂಗಪ್ಪನ ಬಾಡಿಗೆಮನೆಯಲ್ಲಿ ಮಗ್ಗದ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಸಂಜೆಗೆ ಸಂಗಪ್ಪನ ತಲೆ ಉರುಳುತ್ತದೆ. ತಲೆ ತೆಗೆಯುವ ಮುನ್ನ ನಮ್ಮ ಅಜ್ಜಿಯ ಮೂರು ಒಗಟು ಕೇಳುವುದು ವಾಡಿಕೆ. ಬಿಡಿಸಿದವರಿಗೆ ಮಗ್ಗದ ಕೇರಿ ಪೂರ್ತಿ ಸ್ವಂತ, ತಪ್ಪಿದವರಿಗೆ ಗಡಿಪಾರು!”

ಡಂಗುರ ಕೇಳಿ, ಕೇರಿಯ ಆಸೆಗೆ ಸಭೆ ತುಂಬಿತು. ಬಸವಂತ ದಿಂಬಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಕೈಗೆ ಹಗ್ಗ ಬಿಗಿದಿದ್ದ ಸಂಗಪ್ಪ ಮೂಲೆಯಲ್ಲಿ ನಿಂತಿದ್ದ.

ರಾಣಿ ಕೇಳಿದಳು: “ನನ್ನದೇ, ಆದರೂ ಕರೆಯದೆ ಒಳಗೆ ಕಾಲಿಡುವಂತಿಲ್ಲ. ಏನದು?”

“ಅತ್ತೆಮನೆ!” ಎಂದ ದಳವಾಯಿ. ಸಭೆ ನಕ್ಕಿತು. ಅವನು ಗಡಿಯ ದಾರಿ ಹಿಡಿದ.

“ತೋಡಿದವನು ಹೊತ್ತೊಯ್ಯಲಾರ, ಬಿಟ್ಟೂ ಹೋಗುವಂತಿಲ್ಲ. ಏನದು?”

“ಬಾವಿ,” ಎಂದ ಜವಳಿ ಶೆಟ್ಟಿ.

“ಬಾವಿ ಬಿಟ್ಟುಹೋದರೆ ಪುಣ್ಯ ಕಣಯ್ಯ. ನಡೆ!” ಎಂದು ರಾಣಿ ಅವನನ್ನೂ ಗಡಿಗೆ ಅಟ್ಟಿದಳು.

“ಮೂರನೆಯದು. ತಲೆಯ ಮೇಲಿದ್ದರೂ ಯಾರೂ ನೋಡರು. ಅತ್ತರೆ ಒಡೆಯನೇ ಓಡಿ ಬರಬೇಕು.”

ಗಡಿಪಾರಿನ ಭಯಕ್ಕೆ ಉಳಿದವರು ಒಬ್ಬೊಬ್ಬರೇ ಹಿಂದೆ ಸರಿದರು.

“ನಾನು ಹೇಳಬಹುದೇ, ತಾಯಿ?” ಎಂದ ಸಂಗಪ್ಪ.

“ಹೋಗುವ ತಲೆಗೆ ಒಗಟು ಬೇರೆ ಕೇಡು!” ಬಸವಂತ ಕಿಸಕ್ಕೆಂದ.

“ಹೇಳು,” ಎಂದಳು ರಾಣಿ.

“ಮೊದಲನೆಯದು ಬಾಡಿಗೆಗೆ ಕೊಟ್ಟ ಮನೆ. ಒಡೆತನ ತಮ್ಮದು, ಹೊಸ್ತಿಲು ನಮ್ಮದು; ಬಾಗಿಲಲ್ಲಿ ನಿಂತು ನಮ್ಮನ್ನು ಕರೆದೇ ಒಳಗೆ ಬರಬೇಕು. ಎರಡನೆಯದು ಮಗ್ಗದ ಗುಂಡಿ. ನೇಯುವವನು ಕಾಲು ಇಳಿಬಿಡಲು ತೋಡಿಕೊಳ್ಳುತ್ತಾನೆ. ಮನೆ ಬಿಡುವಾಗ ಮುಚ್ಚಿ, ನೆಲ ಸಾರಿಸಿ ಹೋಗುವ ಹೊಣೆ ಅವನದೇ. ಮೂರನೆಯದು ಮನೆಯ ಸೂರು. ಸೋರಿದರೆ ಒಡೆಯ ಹೆಂಚು ಹೊದಿಸಬೇಕು. ನಮ್ಮದು ಸೋರಿ ಸೋರಿ ಮಗ್ಗಕ್ಕೆ ಹೂಡಿದ ಹಾಸಿನ ನೂಲು ಕೊಳೆಯಿತು. ಬಸವಂತರಿಗೆ ಎಷ್ಟು ಹೇಳಿದರೂ ಬರಲಿಲ್ಲ. ಬಂದದ್ದು ನಾವಿಲ್ಲದಾಗ, ಚಿಲಕ ಮೀಟಿ.”

ರಾಣಿ ತಮ್ಮನ ಕಡೆ ತಿರುಗಿದಳು. ಬಾಲ್ಯದಿಂದ ಬಾಯಿಪಾಠವಾಗಿದ್ದ ಅಜ್ಜಿಯ ಮಾತು ಇಂದು ಮೊದಲ ಸಲ ಕಿವಿಗೆ ಬಿದ್ದಂತಿತ್ತು.

“ಯಾಕೆ ಹೋಗಿದ್ದೆ, ಬಸವಂತ?”

“ನಮ್ಮ ಮನೆಯೇ ಅಲ್ಲವೇ ಅಕ್ಕ? ಸುಮ್ಮನೆ ನೋಡಲು…”

“ನೇಕಾರನ ಕೈಕಟ್ಟು ಬಿಚ್ಚಿ,” ಎಂದು ರಾಣಿ ಎದ್ದು ನಿಂತಳು. “ಮಗ್ಗದ ಕೇರಿ ಇಂದಿನಿಂದ ಸಂಗಪ್ಪನದು. ಹೆಂಚಿನ ಕೆಲಸ ಅರಮನೆಯದು.”

ಹೊರಗೆ ಕಾದಿದ್ದ ನೇಕಾರರು ಹೋ ಎಂದು ಕೂಗಿದರು. ಸಂಗಪ್ಪನನ್ನು ಹೆಗಲ ಮೇಲೆ ಹೊತ್ತು ಕೇರಿಗೆ ನಡೆದು, ಅವನ ಮನೆಯೊಳಗೆ ಬಿಟ್ಟರು. ಹಿಂದೆಯೇ ಬಸವಂತನ ಪಲ್ಲಕ್ಕಿಯೂ ಬಂದು ಆ ಮನೆಯ ಹೊಸ್ತಿಲ ಹೊರಗೆ ಇಳಿಯಿತು. ಪಕ್ಕದಲ್ಲಿ ರಾಣಿ ನಿಂತಿದ್ದಳು.

“ಏಳು ತಲೆಮಾರಿನ ಹೆಸರು ನಮ್ಮದು,” ಎಂದಳು ತಮ್ಮನಿಗೆ. “ಸಂಗಪ್ಪನನ್ನು ಕರೆ. ಅವನು ಬಾಗಿಲು ತೆರೆದ ಮೇಲೆ ಕ್ಷಮೆ ಕೇಳು.”