ಖಾಲಿ ಪೀಠದ ಪೂಜೆ

ಕೇಳಿ ಮಕ್ಕಳೇ. ಕೆಂಗಲ್ಲು ಎಂಬ ರಾಜ್ಯದಲ್ಲಿ ಚಿತ್ತರಾಜನೆಂಬ ದೊರೆಯಿದ್ದ. ಅವನ ಏಳು ವರ್ಷದ ಮಗಳು ಜ್ವರ ಬಂದು ಮಲಗಿದಳು. ದೊರೆ ಹರಕೆ ಹೊತ್ತ, ಉಪವಾಸವಿದ್ದ, ಗುಡಿಯ ಸುತ್ತ ಉರುಳಿದ. ಮಗಳು ಉಳಿಯಲಿಲ್ಲ. "ದೇವರಿಲ್ಲ" ಅಂದ ದೊರೆ. ಅದಕ್ಕೆ ಯಾರೂ ಅವನನ್ನು ದೂರಲಿಲ್ಲ.

ದೊರೆ ಅಷ್ಟಕ್ಕೇ ಬಿಡಲಿಲ್ಲ. ಗುಡಿಯ ಮೂರ್ತಿ ತೆಗೆಸಿ ಪೀಠ ಮಾತ್ರ ಉಳಿಸಿದ. ಊರವರೆಲ್ಲ ದಿನಾ ಮಿಂದು ಬಂದು, ಚಪ್ಪಲಿ ಕಳಚಿ, ಆ ಖಾಲಿ ಪೀಠದ ಮುಂದೆ "ಇಲ್ಲ, ಇಲ್ಲ, ಇಲ್ಲ" ಎನ್ನಬೇಕು. ಮೂರು ಸಲ ದೇವರ ಹೆಸರೆತ್ತಿದವರಿಗೆ ಗಡಿಪಾರು.

ಆ ಗುಡಿಯ ಬಾಗಿಲಲ್ಲಿ ಚಪ್ಪಲಿ ಕಾಯುವವಳು ಸಣ್ಣೀರವ್ವ. ಅವಳ ಗಂಡ ಗುರುಶಾಂತ ಮೊದಲ ದಿನ ಪೀಠದ ಮುಂದೆ ಆಕಳಿಸಿ "ಶಿವನೇ" ಅಂದ. ಎರಡನೆಯ ದಿನ ಕೆಮ್ಮಿ "ಶಿವನೇ" ಅಂದ. ಮೂರನೆಯ ದಿನ ಮಂಡಿ ಹಿಡಿದು ಏಳುವಾಗ "ಅಯ್ಯೋ ಶಿವನೇ" ಅಂದೇಬಿಟ್ಟ.

"ನಾಳೆ ಹೊತ್ತು ಮುಳುಗುವುದರೊಳಗೆ ಗಡಿ ದಾಟು" ಅಂದ ದೊರೆ.

"ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿನಗೆ?" ಎಂದಳು ಸಣ್ಣೀರವ್ವ.

"ಬಾಯಿ ಮುಚ್ಚೇ ಇತ್ತು ಕಣೇ. ಅಂದದ್ದು ಮಂಡಿ."

ಈ ಮುದುಕನನ್ನು ಬಿಟ್ಟು ಅವಳಿಗೆ ಬೇರೆ ಯಾರಿದ್ದರು? ಮರುದಿನ ಬೆಳಿಗ್ಗೆ ಅವಳು ಕೆಸರು ಮೆಟ್ಟಿದ ಚಪ್ಪಲಿಯಲ್ಲೇ ಪೀಠದ ಬಳಿಗೆ ನಡೆದಳು.

"ಚಪ್ಪಲಿ ಬಿಡು" ಎಂದು ಅಲ್ಲೇ ನಿಂತಿದ್ದ ದೊರೆ ಗದರಿದ.

"ಯಾಕೆ ಬುದ್ಧೀ? ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ."

ಸಣ್ಣೀರವ್ವ ಪೀಠದ ಮೇಲೆ ಕೂತಳು.

"ಏಳು. ಮೈಲಿಗೆಯಾಗುತ್ತದೆ."

"ಯಾರಿಗೆ ಬುದ್ಧೀ?"

ಅವಳು ಕೂತಲ್ಲೇ "ಇಲ್ಲ, ಇಲ್ಲ" ಎಂದು ಎರಡೇ ಸಲ ಹೇಳಿ ನಿಲ್ಲಿಸಿದಳು.

"ಮೂರನೆಯದನ್ನೂ ಹೇಳು. ಅರ್ಧಕ್ಕೆ ಬಿಟ್ಟರೆ ಕೇಡಾದೀತು."

"ಆ ಕೇಡು ಮಾಡೋರು ಯಾರು ಬುದ್ಧೀ?"

ಸಣ್ಣೀರವ್ವ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. "ದೇವರು ಬೇಡ ಅಂದ್ರೆ ಬೇಡ, ನಿಮ್ಮಿಷ್ಟ. ಆದ್ರೆ ನೀವು ಇನ್ನೊಂದು ಪೂಜೆ ಹಚ್ಚಿದ್ದೀರಿ. ಇದಕ್ಕೂ ಮಡಿಯುಂಟು, ಮಂತ್ರವುಂಟು, ತಪ್ಪಿದೋರನ್ನ ಹೊರಗೆ ಹಾಕೋದೂ ಉಂಟು. ಕೂತ್ಕೊಳ್ಳಿ. ನಿಮ್ಮ ಕೂಸಿಗೆ ಏನು ತಿನ್ನೋದಂದ್ರೆ ಆಸೆಯಿತ್ತು?"

ಮಗಳು ಹೋದ ಮೇಲೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ಹುರಿಗಡಲೆ" ಅಂದ ದೊರೆ. "ಜೊತೆಗೆ ಬೆಲ್ಲ." ಪೀಠದ ಮೇಲೆ ಕೂತು ಅತ್ತ.

ಅಂದೇ ಅಪ್ಪಣೆ ರದ್ದಾಯಿತು. ಬೇಕಾದವರು ಕೈಮುಗಿದರು, ಬೇಡವಾದವರು ಬಿಟ್ಟರು. ದೊರೆ ಎಂದೂ ಕೈಮುಗಿಯಲಿಲ್ಲ. ಆದರೆ ಗುರುಶಾಂತ "ಶಿವನೇ" ಎಂದಾಗಲೆಲ್ಲ ಎದ್ದು ಬಂದು ಅವನಿಗೆ ಕೈಯಾಸರೆ ಕೊಡುತ್ತಿದ್ದ.

ಅದಕ್ಕೇ ಹೇಳುವುದು ಮಕ್ಕಳೇ: ಉಂಟೆಂಬುದು ಒಂದು ನಂಬಿಕೆ, ಇಲ್ಲವೆಂಬುದೂ ಒಂದು ನಂಬಿಕೆ. ಯಾವುದನ್ನೂ ಇನ್ನೊಬ್ಬರ ಕುತ್ತಿಗೆಗೆ ಕಟ್ಟಬಾರದು.