ಒಂದೇ ಗಿಡದ ತೋಪು

ಮಲಪ್ರಭೆ ಇನ್ನೂ ಹಳ್ಳದಷ್ಟೇ ಎಳಸಾಗಿ ಹರಿಯುವ ಕಡೆ, ಕೆಂಪುಕಲ್ಲಿನ ಒಂದು ದಿಬ್ಬದ ಮೇಲೆ ನೀಲವ್ವನವರ ಆಶ್ರಮ. ಆಶ್ರಮವೆಂದರೆ ನಾಲ್ಕು ಹಂಚಿನ ಕೋಣೆ, ಒಂದು ಅಡುಗೆಮನೆ, ಅರವತ್ತೆರಡು ಗೇರುಮರ.

ಅಲ್ಲಿ ಇರಲು ಬಂದವರು ಕಾಣಿಕೆ ತರಬೇಕಿರಲಿಲ್ಲ. ತಮ್ಮೂರಿನ ಒಂದು ಗೇರುಬೀಜ ತಂದು ದಿಬ್ಬದ ಮೇಲೆ ಊರಿದರೆ ಸಾಕು. ಗೇರು ಬೆಳೆಯದ ಊರಿನವರು ದಾರಿಯಲ್ಲಿ ಸಿಕ್ಕಲ್ಲಿಂದ ತಂದರು. ಒಬ್ಬ ಪುಣ್ಯಾತ್ಮ ಅಂಗಡಿಯ ಹುರಿದ ಗೋಡಂಬಿ ಊರಿ ಎರಡು ತಿಂಗಳು ನೀರು ಹಾಕಿದ್ದನಂತೆ.

ಹೀಗಾಗಿ ಒಂದು ಮರದಂತೆ ಇನ್ನೊಂದಿರಲಿಲ್ಲ. ಒಂದರ ಹಣ್ಣು ಕೆಂಪು, ಇನ್ನೊಂದರದು ಹಳದಿ. ಒಂದು ದೀಪಾವಳಿ ಮುಗಿಯುವುದರೊಳಗೆ ಹೂ ಬಿಟ್ಟರೆ, ಮತ್ತೊಂದು ಸಂಕ್ರಾಂತಿ ಕಳೆದರೂ ಮಲಗಿಯೇ ಇರುತ್ತಿತ್ತು.

ದಿಬ್ಬ ಹತ್ತಿ ಬಂದವರಿಗೆ ಎರಡು ಹೊತ್ತು ಊಟ. ಬೀಜ ಪೇಟೆಗೆ ಹೋಗಿ ಅಕ್ಕಿ, ಜೋಳ, ಬೇಳೆಯಾಗಿ ಮರಳುತ್ತಿತ್ತು. ತೋಪು ಬಿಟ್ಟರೆ ಆ ಒಲೆಗೆ ಬೇರೆ ಗತಿಯಿರಲಿಲ್ಲ.

ತೋಪು ನೋಡಿಕೊಳ್ಳುವ ಕೆಲಸ ಕಲ್ಮೇಶನದು. ಮೂವತ್ತರ ಆಸುಪಾಸು, ಕೈ ಚುರುಕು, ಭಕ್ತಿ ಕೈಗಿಂತ ಚುರುಕು. ನೀಲವ್ವ ಒಳ್ಳೆಯದೆಂದ ಸೊಪ್ಪು ಅವನಿಗೆ ಅವತ್ತಿನಿಂದಲೇ ರುಚಿಯಾಗುತ್ತಿತ್ತು.

ಒಂದು ವರ್ಷ ಚಿಬ್ಬು ರೋಗ ಬಂತು.

ಅದು ಬೂಷ್ಟಿನ ಕುಲದ್ದು. ಕಣ್ಣಿಗೆ ಕಾಣದೆ ಗಾಳಿಯಲ್ಲಿ, ಮಂಜಿನಲ್ಲಿ ಹಬ್ಬುತ್ತದೆ. ಎಲೆಗೆ ಕಂದು ಚುಕ್ಕೆ ಇಡುತ್ತದೆ, ಹೂಗೊಂಚಲನ್ನು ಕಪ್ಪಗೆ ಒಣಗಿಸುತ್ತದೆ. ದಿಬ್ಬಕ್ಕೆ ಹೊಸದೇನಲ್ಲ. ಕರೆಯದ ನೆಂಟರ ಹಾಗೆ ಆಗೀಗ ಬಂದು, ನಾಲ್ಕು ಮರ ಕೆಡಿಸಿ ಹೋಗುತ್ತಿತ್ತು. ಆ ಸಲ ತುಸು ಹೆಚ್ಚೇ ದಿನ ಉಳಿಯಿತು. ಹದಿನೈದು ಮರ ಪೂರ್ತಿ ಕೆಟ್ಟವು, ಇಪ್ಪತ್ತು ಅರೆಬರೆಯಾದವು, ಉಳಿದವು ಹೇಗೋ ದಾಟಿಕೊಂಡವು.

ಒಂದು ಮರಕ್ಕೆ ಮಾತ್ರ ಚುಕ್ಕೆಯೂ ಬೀಳಲಿಲ್ಲ. ನಲವತ್ತು ವರ್ಷದ ಹಿಂದೆ ನೀಲವ್ವ ಬಂದಾಗ ತಾವೇ ಊರಿದ ಮರ ಅದು.

“ಅವ್ವಾರ, ನಿಮ್ಮ ಗಿಡಕ್ಕ ಯಾಕ ರೋಗ ಮುಟ್ಟಲಿಲ್ಲ?” ಎಂದು ಕಲ್ಮೇಶ ಕೇಳಿದ.

“ಗಿಡದ ಸುದ್ದಿ ಗಿಡಾನ ಕೇಳು.”

ತಪಸ್ಸಿನ ಫಲ ಅದು ಎಂದು ಅವನು ತಾನೇ ಉತ್ತರ ಹೇಳಿದ.

ನೀಲವ್ವ ನಕ್ಕರು. “ಹಂಗಿದ್ರ ನನ್ನ ಮೊಳಕಾಲಿಗೂ ಒಂದೀಟು ಫಲ ಸಿಗಬೇಕಿತ್ತಲ್ಲೋ.”

ಆದರೆ ಸಂಜೆ ಅವರು ಆ ಮರದ ಕೆಳಗೆ ಹೋಗಿ ಸ್ವಲ್ಪ ಹೊತ್ತು ನಿಂತದ್ದನ್ನು ಅವನು ನೋಡಿದ.

ವಾರ ಕಳೆದು ಅವನು ಒಂದು ಉಪಾಯ ಹೊತ್ತು ಮತ್ತೆ ಬಂದ. ಉಳಿದೆಲ್ಲ ಮರಗಳನ್ನೂ ಮೊಳದೆತ್ತರಕ್ಕೆ ಬೋಳಿಸುವುದು, ಬುಡದಲ್ಲಿ ಒಡೆಯುವ ಚಿಗುರಿಗೆ ಅವ್ವನವರ ಗಿಡದ ಕಡ್ಡಿ ತಂದು ಕಸಿ ಕಟ್ಟುವುದು, ನಾಲ್ಕೈದು ವರ್ಷದಲ್ಲಿ ದಿಬ್ಬದ ತುಂಬ ರೋಗವಿಲ್ಲದ ಒಂದೇ ತಳಿ. ಕಸಿ ಕಟ್ಟುವುದನ್ನು ಪಕ್ಕದೂರಿನಲ್ಲಿ ಕಲಿತೂ ಬಂದಿದ್ದ.

ನೀಲವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಇನ್ನೊಂದು ಹಣ್ಣು ಕೈಗೆತ್ತಿಕೊಂಡರು.

“ಎಲ್ಲಾರೂ ನನ್ನಂಗ ಆದ್ರ ನಾ ಜಗಳಾ ಯಾರ ಕೂಡ ಆಡ್ಲಿ?”

ಕಲ್ಮೇಶ ನಕ್ಕ. ಬೇಡ ಎನ್ನಲಿಲ್ಲವಲ್ಲ, ಅಷ್ಟೇ ಅವನ ಕಿವಿಗೆ ಬಿದ್ದದ್ದು.

ಬೇಡ ಎಂದು ಅವರು ಅನ್ನಲೂ ಇಲ್ಲ.

ಭಕ್ತಿ ಜಾಸ್ತಿ ಇದ್ದವನ ಕೈಗೆ ಕೊಡಲಿ ಕೊಡಬಾರದಿತ್ತು ಎಂದು ಆಮೇಲೆ ಅನೇಕರು ಹೇಳಿದರು. ಆಮೇಲೆ ಹೇಳುವವರಿಗೆ ನಮ್ಮಲ್ಲಿ ಯಾವ ಕಾಲಕ್ಕೂ ಬರವಿಲ್ಲ.

ಮರ ಬೋಳಿಸುವ ವಾರ ಲವೀನಾ ಎಂಬ ಹುಡುಗಿ ಬಂದಳು. ಗಿಡಗಳ ರೋಗದ ಬಗ್ಗೆ ಓದುತ್ತಿದ್ದವಳು. ಅರವತ್ತೆರಡು ಮರದ ಎಲೆಗಳನ್ನೂ ಬೇರೆಬೇರೆ ಕಾಗದದ ಚೀಲಕ್ಕೆ ಹಾಕಿ, ಮೇಲೆ ನಂಬರು ಬರೆದುಕೊಂಡು ಹೋದಳು. ಸಾಯುವವರ ಜಾತಕ ಬರೆಯಲು ಬಂದಿದ್ದಾಳೆ ಎಂದು ಅಡುಗೆಯ ರಘೋಬಾ ಹಂಗಿಸಿದ.

ರಘೋಬಾ ಘಟ್ಟದ ಕೆಳಗಿನವನು. ಅವನು ತಂದ ಬೀಜದ ಮರ ಬಾವಿಯ ಮಗ್ಗುಲಲ್ಲಿತ್ತು. ಬೀಜ ಹೆಬ್ಬೆರಳಿನ ಉಗುರಿನಷ್ಟು, ಹಣ್ಣು ಬಾಯಿಗಿಟ್ಟರೆ ಗಂಟಲು ಕೆರೆಯುತ್ತಿತ್ತು. ಕಡಿಯುವ ದಿನ ಅವನೇ ಬಂದು, ಮೊದಲು ನನ್ನದು ಕಡಿ ಮಾರಾಯ, ದಿಬ್ಬಕ್ಕೇ ಅವಮಾನ ಅದು, ಎಂದ. ಕಡಿದ ಮೇಲೆ ಎಲ್ಲರಿಗೂ ಬಡಿಸಿ, ತಾನು ಮಾತ್ರ ಅವತ್ತು ಉಣ್ಣಲಿಲ್ಲ. ಪಿತ್ತ ಎಂದ.

ಕಲ್ಮೇಶ ಅದನ್ನು ನಂಬಿದ. ನಂಬುವುದು ಅನುಕೂಲವಾಗಿತ್ತು.

ಕಸಿ ಹತ್ತಿತು. ಹತ್ತದಿದ್ದಲ್ಲಿ ಮತ್ತೆ ಕಟ್ಟಿದ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಅರವತ್ತೊಂದು ಬುಡಗಳ ಮೇಲೆ ನೀಲವ್ವನವರ ಗಿಡದ ಎಲೆ ಮಿನುಗುತ್ತಿತ್ತು.

ಆದರೆ ಬುಡಕ್ಕೆ ತನ್ನ ನೆನಪಿರುತ್ತದೆ. ಕಸಿಯ ಗಂಟಿನ ಕೆಳಗಿಂದ ಅದು ತನ್ನದೇ ಚಿಗುರು ಹೊರಡಿಸುತ್ತಲೇ ಇರುತ್ತದೆ. ಬಿಟ್ಟರೆ ಆ ಚಿಗುರೇ ಮೇಲಾಗಿ ಕಸಿ ಬಡವಾಗುತ್ತದೆ. ಅದಕ್ಕೇ ಕಲ್ಮೇಶ ವಾರಕ್ಕೊಮ್ಮೆ ಬುಡದಿಂದ ಬುಡಕ್ಕೆ ಕುಕ್ಕರುಗಾಲಿನಲ್ಲಿ ಸರಿಯುತ್ತ ಆ ಚಿಗುರುಗಳನ್ನು ಚಿವುಟುತ್ತಿದ್ದ. ಚಿವುಟುವಾಗ ಒಂದೊಂದಕ್ಕೂ ಗುರುವಿನ ಹೆಸರು ಹೇಳುತ್ತಿದ್ದ. ಅವನ ಜಪ ಅದೇ ಆಗಿಹೋಯಿತು.

ಬೆಳೆ ಚೆನ್ನಾಗಿಯೇ ಬಂತು. ಒಂದೇ ಗಾತ್ರದ ಬೀಜ, ಒಂದೇ ದಿನ ಅರಳುವ ಹೂ, ಒಂದೇ ವಾರದಲ್ಲಿ ಮುಗಿಯುವ ಕೊಯ್ಲು. ಬಂದವರು ತೋಪನ್ನು ನೋಡಿ ಕೈ ಮುಗಿದರು. ಇಡೀ ದಿಬ್ಬವೇ ಅವ್ವನವರ ರೂಪ ಎಂದು ಯಾರೋ ಅಂದರು. ಆ ಮಾತು ತನ್ನದಾಗಬೇಕಿತ್ತಲ್ಲ ಎಂದು ಕಲ್ಮೇಶನಿಗೆ ಅನ್ನಿಸಿತು.

ಎಂಟನೆಯ ವರ್ಷ ಹೂ ತುಂಬಿದ ಹೊತ್ತಿಗೆ ಸರಿಯಾಗಿ ಮಂಜು ಕವಿಯಿತು.

ಮೊದಲ ಚುಕ್ಕೆ ಕಂಡದ್ದು ಸೋಮವಾರ. ಮುಂದಿನ ವಾರದ ಗುರುವಾರಕ್ಕೆ ದಿಬ್ಬದ ಮೇಲೆ ಒಂದು ಬಿಳಿ ಹೂ ಉಳಿದಿರಲಿಲ್ಲ. ಮುಂಚೆ ಚಿಬ್ಬು ಒಂದು ಮರ ಹತ್ತಿ, ಇನ್ನೊಂದನ್ನು ಬಿಟ್ಟು, ಮೂರನೆಯದಕ್ಕೆ ಹೋಗುತ್ತಿತ್ತು. ಈ ಸಲ ಅದು ಎಲ್ಲೂ ತಡೆಯಲಿಲ್ಲ. ಕಲ್ಮೇಶ ಔಷಧಿ ಹೊಡೆದ, ಮತ್ತೆ ಹೊಡೆದ. ನಲವತ್ತೆಂಟು ವರ್ಷ ಚುಕ್ಕೆ ಕಾಣದ ನೀಲವ್ವನವರ ಮರ ಎಲ್ಲಕ್ಕಿಂತ ಮುಂಚೆ ಬೋಳಾಯಿತು.

ಬೇಸಗೆಯಲ್ಲಿ ಒಲೆ ದಿನಕ್ಕೊಂದೇ ಹೊತ್ತು ಉರಿಯತೊಡಗಿತು. ಸಂಜೆ ದಿಬ್ಬ ಹತ್ತಿ ಬಂದವರಿಗೆ ನೀರು, ಬೆಲ್ಲ ಕೊಟ್ಟು ಕಳಿಸುವ ಕೆಲಸ ಕಲ್ಮೇಶನ ಪಾಲಿಗೆ ಬಂತು. ಬಂದವರು ಬೇಜಾರು ಮಾಡಿಕೊಳ್ಳಲಿಲ್ಲ. ಬೆಲ್ಲ ಚೆನ್ನಾಗಿದೆ ಎಂದು ಹೇಳಿ ಇಳಿದು ಹೋದರು. ಅವರು ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಲವೀನಾಳಿಗೆ ಅವನೇ ಪತ್ರ ಬರೆಸಿದ. ಅವಳು ಈಗ ಕಾಲೇಜಿನಲ್ಲಿ ಪಾಠ ಹೇಳುವವಳು, ಕನ್ನಡಕ ಬಂದಿತ್ತು. ಎಲೆ ಆರಿಸಿಕೊಂಡು ಹೋಗಿ, ಎರಡು ತಿಂಗಳ ಮೇಲೆ ಮರಳಿ ಬಂದಳು. ಜಗಲಿಯ ಮೇಲೆ ಕೂತು ಚಹಾದ ಲೋಟ ಕೈಗೆತ್ತಿಕೊಂಡಳು.

ಆಗಿನ ಎಲೆಗಳಲ್ಲಿ ಇದ್ದ ಚಿಬ್ಬನ್ನೂ ಈಗಿನದನ್ನೂ ವಂಶ ಹಿಡಿದು ಓದಿದ್ದಾಗಿ ಹೇಳಿದಳು. ನೋಡಲು ಎಲ್ಲವೂ ಒಂದೇ ಕಂದು ಚುಕ್ಕೆ. ಒಳಗೆ ನೋಡಿದರೆ, ಆಗ ಈ ದಿಬ್ಬದ ಮೇಲೆ ಹತ್ತೊಂಬತ್ತು ಮನೆತನದ ಚಿಬ್ಬುಗಳಿದ್ದವು. ಒಂದಕ್ಕೆ ಒಗ್ಗಿದ ಮರ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ. ಈಗ ಇರುವುದು ಒಂದೇ ಮನೆತನ.

“ಆ ಹತ್ತೊಂಬತ್ತರಲ್ಲಿ ಒಬ್ಬನ ಮೊಮ್ಮಗ ಇವನು, ಕಲ್ಮೇಶಣ್ಣ. ಅಜ್ಜನಿಗೆ ಅವ್ವನ ಗಿಡದ ಎಲೆ ಚುಚ್ಚೋಕೆ ಬರ್ತಿರಲಿಲ್ಲ. ಮೊಮ್ಮಗ ಕಲಿತ. ಹಳೆ ತೋಪು ಆಗಿದ್ರೆ ಒಂದು ಮರ ತಿಂದು, ಪಕ್ಕದ ಮರದ ಹತ್ರ ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕಿತ್ತು.”

“ನಾನು ರೋಗ ಇಲ್ಲದ್ದನ್ನ ಆರಿಸಿ ಕಟ್ಟಿದ್ನಿ” ಎಂದ ಕಲ್ಮೇಶ.

“ಗೊತ್ತು. ನೀವು ಒಂದನ್ನ ಆರಿಸಿದ್ರಿ. ರೋಗ ಆರಿಸೋಕೆ ಹೋಗಲಿಲ್ಲ, ಮಕ್ಕಳನ್ನ ಹೆತ್ತುಕೊಂಡೇ ಹೋಯ್ತು. ಒಂದೊಂದೂ ಒಂದೊಂದು ಥರ.”

ಹಳೆಯ ಮರಗಳಲ್ಲಿ ಯಾವುದಾದರೂ ಉಳಿದಿದೆಯೇ ಎಂದು ಕೇಳಿದಳು. ಇಲ್ಲ ಎಂದ. ಬೀಜ ತೆಗೆದಿಟ್ಟಿದ್ದೀರಾ ಎಂದಳು. ಅದಕ್ಕೂ ಇಲ್ಲ ಎಂದ. ಅವಳು ಲೋಟ ಕೆಳಗಿಟ್ಟಳು. ಹೊರಡುವಾಗ, ಆಗ ನಾನಾದರೂ ಬಾಯಿ ಬಿಟ್ಟು ಹೇಳಬೇಕಿತ್ತು, ಆದರೆ ನನಗೂ ಪ್ರಬಂಧ ಮುಗಿಸುವುದೇ ದೊಡ್ಡದಾಗಿತ್ತು, ಎಂದಳು.

ಮರುದಿನ ಕಲ್ಮೇಶ ಬಟ್ಟೆಬರೆ ಗಂಟು ಕಟ್ಟಿಕೊಂಡು ನೀಲವ್ವನವರ ಎದುರು ನಿಂತ.

ಅವರು ಗಂಟನ್ನು ನೋಡಿದರು. “ಅದನ್ನ ಅಲ್ಲಿಡು. ನನ್ನ ಕೋಲು ತಾ. ತೋಪಿಗೆ ಹೋಗಿ ಬರೂಣು.”

ವಯಸ್ಸು ಎಂಬತ್ತು ದಾಟಿತ್ತು. ನಿಧಾನ ನಡೆದರು. ಒಣಗಿದ ಗೊಂಚಲುಗಳು ಕಾಲ ಕೆಳಗೆ ಪುಡಿಯಾಗುತ್ತಿದ್ದವು. ಬಾವಿಯ ಹತ್ತಿರ ದಣಿವಾಗಿ ನಿಂತರು. ಕಲ್ಮೇಶ ಅವರ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಕೂತವನ ಕೈ ತನ್ನಷ್ಟಕ್ಕೆ ಬುಡದ ಕಡೆ ಹೋಗಿ, ಕಸಿಯ ಗಂಟಿನ ಕೆಳಗೆ ಒಡೆದಿದ್ದ ಒಂದು ಕೆಂಪು ಚಿಗುರನ್ನು ಚಿವುಟಿತು.

“ಯಾರ ಗಿಡಾ ಅದು?” ಎಂದರು ನೀಲವ್ವ.

ಅವನು ಮೇಲೆ ನೋಡಿದ. ಮೇಲಿನ ಎಲೆಯಿಂದ ಗೊತ್ತಾಗುವ ಹಾಗಿರಲಿಲ್ಲ. ಬಾವಿಯನ್ನು ನೋಡಿ ಹೇಳಬೇಕಾಯಿತು. ರಘೋಬಾನದು.

ರಘೋಬಾ ತೀರಿಕೊಂಡು ಎರಡು ವರ್ಷವಾಗಿತ್ತು.

ಚಿಗುರು ಅಂಗೈಯಲ್ಲಿತ್ತು. ಕಪ್ಪಾಗಿರಲಿಲ್ಲ, ಒಂದು ಚುಕ್ಕೆಯೂ ಇರಲಿಲ್ಲ. ಮುರಿದ ತುದಿಯಲ್ಲಿ ಹಾಲು ಒಸರುತ್ತಿತ್ತು. ಅವನು ಅದನ್ನು ಬುಡಕ್ಕೆ ತಾಗಿಸಿ ಹಿಡಿದ, ಹತ್ತುತ್ತದೇನೋ ಎಂಬಂತೆ. ಆಮೇಲೆ ತನ್ನ ಬುದ್ಧಿಗೆ ತಾನೇ ನಾಚಿ ಕೈ ತೆಗೆದ.

ಇಬ್ಬರೂ ಉಳಿದ ಬುಡಗಳನ್ನು ನೋಡುತ್ತ ಹೋದರು. ಏಳರಲ್ಲಿ ಹೀಗೆ ಚಿಗುರಿತ್ತು. ಉಳಿದ ಬುಡಗಳು ಚಿವುಟಿಸಿಕೊಂಡು ಚಿವುಟಿಸಿಕೊಂಡು ಆಸೆ ಬಿಟ್ಟಿದ್ದವು. ಅವನು ಅವುಗಳ ಒರಟು ತೊಗಟೆಯ ಮೇಲೆ ಬೆರಳಾಡಿಸಿದ, ಕಣ್ಣಿಗೆ ಕಾಣದ ಮೊಗ್ಗು ಬೆರಳಿಗಾದರೂ ಸಿಕ್ಕೀತೆಂದು. ಸಿಗಲಿಲ್ಲ.

ಅಷ್ಟು ವರ್ಷದಲ್ಲಿ ಅವನು ಗುರುವಿಗೆ ಎದುರು ಮಾತಾಡಿದ್ದು ಅದೇ ಮೊದಲು.

“ಆವತ್ತ ನೀವು ಬ್ಯಾಡ ಅನಬೇಕಿತ್ರಿ.”

“ಹೌದು. ಅನಬೇಕಿತ್ತು.”

ಅವನು ಕಾದ. ಗುರುಗಳಲ್ಲವೇ, ಮುಂದೆ ಇನ್ನೇನೋ ಇರುತ್ತದೆ, ಇದನ್ನೆಲ್ಲ ಒಂದು ಪಾಠವಾಗಿಸುವ ಮಾತು ಇರುತ್ತದೆ ಎಂದುಕೊಂಡ.

“ಯಾಕ ಅನಲಿಲ್ರಿ?”

“ಹಿತಾ ಅನಿಸಿತ್ತು, ತಮ್ಮಾ.” ನೀಲವ್ವ ಅವನ ಮುಖ ನೋಡಲಿಲ್ಲ. “ಮುಂಜಾನೆ ಎದ್ದು ಬಾಗಲಾ ತಗದ್ರ, ದಿಬ್ಬದ ತುಂಬ ನಾನ.”

ಹೊತ್ತು ಮುಳುಗುತ್ತ ಬಂದಿತ್ತು. ಏಳು ಚಿಗುರಿಗೆ ಬೇಲಿ ಕಟ್ಟಬಹುದು, ಬೇರೆ ಊರುಗಳಿಂದ ಬೀಜ ತರಬಹುದು ಎಂದು ಕಲ್ಮೇಶ ಹೇಳತೊಡಗಿದ. ಹೇಳುತ್ತ ಹೇಳುತ್ತ ಅವನಿಗೇ ಲೆಕ್ಕ ಸಿಕ್ಕಿತು. ಬೀಜ ತಂದಿದ್ದವರಲ್ಲಿ ಮುಕ್ಕಾಲು ಪಾಲು ಈಗಿಲ್ಲ. ಯಾರು ಯಾವ ಊರಿನ, ಯಾವ ಹಿತ್ತಿಲಿನ ಮರದಿಂದ ತಂದರೆಂದು ಯಾರೂ ಬರೆದಿಟ್ಟಿಲ್ಲ. ಮರವೇ ಇದೆಯಲ್ಲ, ಬರೆಯುವುದೇಕೆ ಎಂದುಕೊಂಡಿದ್ದರು.

ಅವನು ಮಾತು ನಿಲ್ಲಿಸಿದ.

“ಇಷ್ಟು ವರ್ಷ ನಿಮ್ಮ ಕಡೆ ನಾ ಏನು ಕಲತಂಗಾತ್ರಿ?” ಎಂದ.

ನೀಲವ್ವ ಒಂದು ಕಲ್ಲಿನ ಮೇಲೆ ಕೂತರು. “ಸಂಜೀ ಪದಾ ಹೇಳು. ನೀ ಒಬ್ಬಾವನ ಹೇಳು, ನಾ ಕೇಳತೀನಿ.”

ದಿನಾ ಸಂಜೆ ಆಶ್ರಮದಲ್ಲಿ ಎಲ್ಲರೂ ಕೂಡಿ ಹಾಡುವ ಪದ ಅದು. ನೀಲವ್ವನವರ ಗುರುಗಳು ಕಟ್ಟಿದ್ದು. ಕಲ್ಮೇಶ ಕಣ್ಣು ಮುಚ್ಚಿ ಶುರು ಮಾಡಿದ. ಧ್ವನಿ ಚೆನ್ನಾಗಿತ್ತು. ಒಂದು ಸಾಲು, ಎರಡು ಸಾಲು. ಮೂರನೆಯ ಸಾಲಿನ ನಡುವೆ ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ನಿಂತ, ಉಸಿರೆಳೆದ, ಮುಂದುವರಿಸಿದ.

ನೀಲವ್ವ ಕೈ ಎತ್ತಿದರು.

“ಅಲ್ಲೆ ಯಾಕ ನಿಂತಿ?”

ಅವನಿಗೆ ಪ್ರಶ್ನೆ ತಿಳಿಯಲಿಲ್ಲ. “ಅಲ್ಲೆ ನಿಲ್ಲಬೇಕಲ್ರಿ. ನೀವು ನಿಲ್ಲತೀರಿ. ನಾವೆಲ್ಲಾರೂ ಅಲ್ಲೇ ನಿಲ್ಲತೀವಿ.”

ಮೇಲೆ ಆಶ್ರಮದಲ್ಲಿ ದೀಪ ಹಚ್ಚಿದ್ದರು. ಇವರು ಬರುವುದು ತಡವಾಯಿತೆಂದು ಉಳಿದವರು ಪದ ಶುರು ಮಾಡಿದ್ದು ಇಲ್ಲಿಗೆ ಕೇಳಿಸಿತು. ಒಂಬತ್ತು ಜನರ ಧ್ವನಿ ಮೂರನೆಯ ಸಾಲಿಗೆ ಬಂದು, ಆ ಅರ್ಧ ಮಾತಿನಲ್ಲಿ ಒಟ್ಟಿಗೇ ನಿಂತು, ಒಟ್ಟಿಗೇ ಉಸಿರೆಳೆದು, ಮುಂದೆ ಹೋಯಿತು.

ಅದು ಪೂರ್ತಿ ಮುಗಿಯುವವರೆಗೆ ನೀಲವ್ವ ತಲೆ ತಗ್ಗಿಸಿ ಕೇಳಿಸಿಕೊಂಡರು.

“ಅದು ಪದದಾಗ ಇಲ್ಲೋ, ತಮ್ಮಾ. ಅಲ್ಲೆ ನನಗ ದಮ್ಮು ಹತ್ತತಿತ್ತು.”